ಗಂಗಾ ಟೀಚರ್ ಗೆಳತಿಗೆ ವಿಮೆ ಸಿಗುತ್ತದೆಯೇ?

ಅಮೆರಿಕದ ಈಸ್ಟ್‌ಗೇಟ್‌ನ ಒಂದು ಸಮುದಾಯ ಚಿಕಿತ್ಸಾಲಯದಲ್ಲಿ, ಹಲ್ಲಿನ ಡಾಕ್ಟರ ಕೋಣೆಗೂ ಗಂಡಸರ ಶೌಚಾಲಯಕ್ಕೂ ನಡುವೆ ನನ್ನ ಮೇಜಿತ್ತು. ಎಡಗಡೆ ಡ್ರಿಲ್ಲಿನ ಸದ್ದು, ಬಲಗಡೆ ಫ್ಲಶ್ಶಿನ ಸದ್ದು. ಎರಡರ ನಡುವೆ ಕೂತು ನಾನು ವರ್ಷಗಟ್ಟಲೆ ಮಾಡಿದ್ದು ಒಂದೇ ಕೆಲಸ. ಹೊರದೇಶದಿಂದ ಬಂದವರಿಗೆ ಇಲ್ಲಿನ ಆರೋಗ್ಯ ವಿಮೆ ಸಿಗುತ್ತದೋ ಇಲ್ಲವೋ ನೋಡಿ ಹೇಳುವುದು. ಸಿಗುತ್ತದೆ ಎಂದರೆ ನನ್ನನ್ನು ದೇವರ ಹತ್ತಿರದ ನೆಂಟಳಂತೆ ಕಾಣುತ್ತಿದ್ದರು. ಇಲ್ಲ ಎಂದರೆ ಆ ಕಾನೂನನ್ನು ನಾನೇ ಬೆಳಿಗ್ಗೆ ಎದ್ದು ಮನೆಯಲ್ಲಿ ಬೇಯಿಸಿ ಡಬ್ಬಿಯಲ್ಲಿ ತಂದಿದ್ದೇನೆ ಎಂಬಂತೆ ನೋಡುತ್ತಿದ್ದರು.

ನಾನು ಮೈಸೂರಿನ ಮಂಡಿ ಮೊಹಲ್ಲಾದವಳು, ಹೆಸರು ಶಾಹೀನಾ. ಗಂಡ ವಿಮಾನ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದರಿಂದ ಈ ಊರಿಗೆ ಬಂದೆ. ಕನ್ನಡ, ಉರ್ದು, ಹಿಂದಿ ಮೊದಲೇ ಬರುತ್ತಿದ್ದವು; ತೆಲುಗು, ತಮಿಳನ್ನು ಅಕ್ಕಪಕ್ಕದ ಮನೆಯವರಿಂದ ಕಲಿತೆ. ಇಷ್ಟು ಭಾಷೆಗಳಲ್ಲಿ ‘ಇಲ್ಲ’ ಎನ್ನಬಲ್ಲವರು ಬೇರೆ ಯಾರೂ ಅರ್ಜಿ ಹಾಕಿರಲಿಲ್ಲವಾದ್ದರಿಂದ ಕೆಲಸ ನನಗೇ ಸಿಕ್ಕಿತು. ಈಗ ನಿವೃತ್ತಳಾಗಿದ್ದೇನೆ. ನನ್ನ ಕುರ್ಚಿಗೆ ಬಂದ ಹುಡುಗಿ ಮೊನ್ನೆ ಫೋನ್ ಮಾಡಿ, "ಆಂಟಿ, ಟ್ರೈನಿಂಗಲ್ಲಿ ಹೇಳ್ಕೊಡದೇ ಇರೋದು ಏನಾದ್ರೂ ಇದ್ರೆ ಹೇಳಿ" ಎಂದಳು. ಅವಳಿಗೆ ಬೇಕಾಗಿದ್ದದ್ದು ಎರಡು ಮಾತು. ನಿವೃತ್ತರಿಗೆ ಎರಡು ಮಾತಿನಲ್ಲಿ ಮುಗಿಸುವ ಶಕ್ತಿ ಇರುವುದಿಲ್ಲ.

ನಿಯಮಗಳನ್ನು ಟ್ರೈನಿಂಗಿನಲ್ಲಿ ಹೇಳಿಕೊಡುತ್ತಾರೆ. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಏನೂ ಇಲ್ಲ. ಗ್ರೀನ್ ಕಾರ್ಡ್ ಸಿಕ್ಕ ದೊಡ್ಡವರು ಸರ್ಕಾರದ ಉಚಿತ ವಿಮೆಗೆ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಮಕ್ಕಳನ್ನೂ ಬಸುರಿಯರನ್ನೂ ನಮ್ಮ ರಾಜ್ಯ ವಲಸೆಯ ಕಾಗದ ಕೇಳುವುದಿಲ್ಲ. ಇದನ್ನು ಹೇಳುವುದಕ್ಕೆ ಅರ್ಧ ಲೋಟ ಚಹಾ ಕುಡಿಯುವಷ್ಟು ಹೊತ್ತು ಸಾಕು. ಜನರನ್ನು ಒಪ್ಪಿಸುವುದಕ್ಕೆ ಇಡೀ ಕೆಟಲ್ ಬೇಕು.

ಎಜುಕೇಶನ್ ಹಿಲ್ ಬಡಾವಣೆಯಿಂದ ಒಬ್ಬ ಸಾಫ್ಟ್‌ವೇರ್ ಮಹಾಶಯ ತನ್ನ ತಂದೆಯನ್ನು ಕರೆದುಕೊಂಡು ಬಂದಿದ್ದ. ಲ್ಯಾಪ್‌ಟಾಪ್ ತೆರೆದು, ತಂದೆ ಅರ್ಹರು ಎಂದು ಬಣ್ಣಬಣ್ಣದ ಚಿತ್ರಗಳಲ್ಲಿ ಸಾಧಿಸಿ ತೋರಿಸಿದ. ಎಲ್ಲ ಮುಗಿಯುವವರೆಗೂ ಕೇಳಿದೆ.

"ನಿಮ್ಮ ತಂದೆಯವರು ಯಾವ ವೀಸಾದಲ್ಲಿ ಬಂದಿದ್ದಾರೆ?"

"ವಿಸಿಟರ್. ಆದ್ರೆ ಮೇಡಂ, ಆರು ತಿಂಗಳು ಇರ್ತಾರಲ್ಲ, ಅದು ರೆಸಿಡೆನ್ಸ್ ತಾನೇ?"

"ನೋಡೋಕೆ ಬಂದವರು ನೋಡ್ಕೊಂಡು ಹೋಗಬೇಕು ಸರ್."

ಪಕ್ಕದಲ್ಲಿ ತೂಕಡಿಸುತ್ತಿದ್ದ ತಂದೆ ಕಣ್ಣು ಬಿಡದೆಯೇ, "ಇದನ್ನೇ ನಾನು ಕಾರಲ್ಲಿ ಹೇಳ್ದೆ. ನಿಮಗೇನು ಗೊತ್ತು ಅಂದ" ಎಂದರು.

ನಾನೂ ಕಡಿಮೆಯವಳಲ್ಲ. ಮೊದಲೆಲ್ಲ ಅರ್ಜಿಗಳನ್ನು ಕೈಯಲ್ಲಿ ತುಂಬಿ ಫ್ಯಾಕ್ಸ್ ಮಾಡುತ್ತಿದ್ದೆವು. ಫ್ಯಾಕ್ಸ್ ಯಂತ್ರ ಕಾಗದ ತಿನ್ನುತ್ತಿತ್ತು, ಆದರೆ ತಿಂದದ್ದು ಕಾಣುತ್ತಿತ್ತು. ಆಮೇಲೆ ವೆಬ್‌ಸೈಟ್ ಬಂತು. ಅದು ಏನು ತಿಂದಿತು ಎಂಬುದು ತಿಂಗಳಾದ ಮೇಲೆ ಗೊತ್ತಾಗುತ್ತಿತ್ತು. ಅದು ಬಂದ ಹೊಸದರಲ್ಲಿ ಅನಂತಪುರ ಕಡೆಯ ಒಬ್ಬ ಯಜಮಾನರ ಅರ್ಜಿ ತುಂಬುವಾಗ ಒಂದು ಚೌಕದಲ್ಲಿ ಅವರನ್ನು ಹೆಂಗಸು ಮಾಡಿದೆ. ಅದರ ಕೆಳಗಿನ ಚೌಕದಲ್ಲಿ ಬಸುರಿ ಮಾಡಿದೆ. ವೆಬ್‌ಸೈಟು ಅವರ ವಯಸ್ಸನ್ನು ನೋಡಿಯೂ ಚಕಾರ ಎತ್ತಲಿಲ್ಲ. ಅವರ ಮನೆಗೆ ಅಭಿನಂದನೆಯ ಪತ್ರ, ಬಾಣಂತಿ ಆರೈಕೆಯ ಪುಸ್ತಿಕೆ ಹೋದವು. ಅವರ ಹೆಂಡತಿ ಪತ್ರ ಹಿಡಿದು ಬಂದು, "ನಾಲ್ಕು ಹೆತ್ತೆ ನಾನು. ಐದನೇದು ಅವರೇ ಹೆರಲಿ, ನೀವು ತಿದ್ದಬೇಡಿ" ಎಂದರು.

ಈ ಪ್ರಸಂಗ ಕೇಳಿಯೂ ನಗದ ಒಬ್ಬಳೇ ವ್ಯಕ್ತಿ ನಮ್ಮ ಮ್ಯಾನೇಜರ್ ಡೋರೀನ್. ಈ ಊರಲ್ಲೇ ಹುಟ್ಟಿ ಬೆಳೆದ ಎತ್ತರದ ಹೆಂಗಸು. ಮೀಟಿಂಗ್ ನಡೆಯುವಷ್ಟೂ ಹೊತ್ತು ಹಸಿ ಕ್ಯಾರೆಟ್ ಕಡಿಯುತ್ತಿದ್ದಳು. ಅವಳು ನಮ್ಮ ಮೇಲೆ ಕೋಪಗೊಂಡಿದ್ದಾಳೋ ಇಲ್ಲವೋ ಎಂಬುದನ್ನು ಕಡಿಯುವ ಸದ್ದಿನಿಂದ ತಿಳಿಯಬೇಕಿತ್ತು. ಅವಳಿಗೆ ಎರಡೇ ಸೂತ್ರ. ಡಾಕ್ಟರಂತೆ ಮಾತಾಡಬೇಡ, ವಕೀಲರಂತೆ ಭರವಸೆ ಕೊಡಬೇಡ. ಇವೆರಡನ್ನೂ ಬಿಟ್ಟರೆ ಉಳಿಯುವುದು ಹವಾಮಾನ ಮಾತ್ರ ಎಂದು ನಾನು ಒಮ್ಮೆ ಹೇಳಿದ್ದೆ. ಆಗಲೂ ಕ್ಯಾರೆಟ್ ಕಡಿದಳು.

ಈಗ ಗಂಗಾ ಟೀಚರ್ ವಿಷಯಕ್ಕೆ ಬರುತ್ತೇನೆ. ಅವರ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬದಲಿಸಿದ್ದಕ್ಕೆ ಅವರಿಗೆ ಸಿಟ್ಟಿದೆ.

ಅಕ್ಟೋಬರಿನ ಒಂದು ಬೆಳಿಗ್ಗೆ ಬಂದರು. ಕಾಟನ್ ಸೀರೆ, ಅದರ ಮೇಲೆ ಮಗಳದೋ ಅಳಿಯನದೋ ಒಂದು ದೊಗಳೆ ಜಾಕೆಟ್, ಕಾಲಿಗೆ ಬಿಳಿ ಓಟದ ಬೂಟು. ಹುಬ್ಬಳ್ಳಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ವಿದ್ಯಾ ಅಮೆರಿಕದ ಪ್ರಜೆಯಾಗಿದ್ದಳು; ಅವಳೇ ತಾಯಿಗೆ ಗ್ರೀನ್ ಕಾರ್ಡ್ ಮಾಡಿಸಿ ಪಕ್ಕದೂರು ರೆಡ್ಮಂಡಿಗೆ ಕರೆಸಿಕೊಂಡಿದ್ದಳು. ಇಷ್ಟನ್ನೂ ಅವರು ಕುರ್ಚಿ ಎಳೆದು ಕೂರುವಷ್ಟರಲ್ಲಿ ಹೇಳಿ ಮುಗಿಸಿದರು.

"ನನಗೇನೂ ಆಗಿಲ್ರಿ ಮತ್ತ," ಎಂದರು. "ನಮ್ಮ ಗೆಳತಿ ಒಬ್ಬಾಕಿ ಇದ್ದಾಳ, ಕಸ್ತೂರಿ ಅಂತ. ಆಕಿಗೆ ಇನ್ಶೂರೆನ್ಸ್ ಸಿಗತದೇನು ಅಂತ ಕೇಳ್ಲಿಕ್ಕೆ ಬಂದೀನಿ."

"ಕಸ್ತೂರಿಯವರ ವಯಸ್ಸು?"

"ಅರವತ್ತಮೂರು."

"ಗ್ರೀನ್ ಕಾರ್ಡ್ ಇದೆಯಾ?"

"ಈ ವರ್ಷನ ಬಂದದ."

"ಎಲ್ಲಿದ್ದಾರೆ?"

"ರೆಡ್ಮಂಡಿನಾಗ. ಮಗಳು ಅಳಿಯನ ಜೋಡಿ."

"ನಿಮಗೆಷ್ಟು ವಯಸ್ಸು ಟೀಚರ್?"

"ನನ್ನ ಸುದ್ದಿ ಯಾಕ್ರಿ ಈಗ?"

ಹೊಸದಾಗಿ ಈ ಕುರ್ಚಿಯಲ್ಲಿ ಕೂರುವವರು ತಿಳಿದಿರಲಿ: ನಿಮ್ಮ ಎದುರು ಕೂತವರಿಗೆ ಯಾವತ್ತೂ ಕಾಯಿಲೆ ಇರುವುದಿಲ್ಲ. ಇರುವುದೆಲ್ಲ ಅವರ ಗೆಳೆಯರಿಗೆ. ಮುಂಚೆ ನಾನು ಇಂಥವರನ್ನು ಹಿಡಿದು ಹಾಕುತ್ತಿದ್ದೆ. ಹಿಡಿದರೆ ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಹಾಗಾಗಿ ಕಸ್ತೂರಿಯವರ ಹೆಸರನ್ನೇ ಬರೆದುಕೊಂಡೆ. ಅವರ ಹೆಸರಲ್ಲಿ ಊರಲ್ಲಿ ಮನೆ ಬಾಡಿಗೆ, ಪಿಂಚಣಿ ಬರುವುದರಿಂದ ಮಗಳ ತೆರಿಗೆಯಲ್ಲಿ ಅವರು ಸೇರಿಲ್ಲ ಎಂಬುದೂ ಗೊತ್ತಾಯಿತು. ಮಗಳ ಸಂಬಳ ಲೆಕ್ಕಕ್ಕೆ ಬಾರದಾದ್ದರಿಂದ ನನಗೆ ಅದು ಒಳ್ಳೆಯ ಸುದ್ದಿ.

"ಉಚಿತ ವಿಮೆ ಈಗ ಸಿಗೋದಿಲ್ಲ," ಎಂದೆ. "ಆದರೆ ಖಾಸಗಿ ವಿಮೆ ಕೊಂಡರೆ ಸರ್ಕಾರ ಕಂತಿನಲ್ಲಿ ಸಹಾಯ ಮಾಡುತ್ತೆ. ಮುಂದಿನ ತಿಂಗಳು ನೋಂದಣಿ ಶುರುವಾಗುತ್ತೆ. ವಿಮೆ ಹಿಡಿಯೋದು ಜನವರಿಯಿಂದ."

"ಜನವರಿ?" ಎಂದರು. ಮುಖ ಸ್ವಲ್ಪ ಇಳಿಯಿತು. "ಹೇಳ್ತೀನಿ ಆಕಿಗೆ."

ಮುಂದಿನ ವಾರ ಮತ್ತೆ ಬಂದರು. ನವೆಂಬರ್ ಮುಗಿಯುವವರೆಗೂ ವಾರವಾರ ಬಂದರು. ಬಸ್ಸು ಬದಲಿಸಿಕೊಂಡು ಒಬ್ಬರೇ ಬರುತ್ತಿದ್ದರು. ಮನೆಯಲ್ಲಿ ಏನು ಹೇಳಿ ಬರುತ್ತೀರಿ ಎಂದರೆ, "ಲೈಬ್ರರಿಗೆ ಹೋಗ್ತೀನಿ ಅಂತ. ಸುಳ್ಳೇನಲ್ರಿ, ಬಸ್ಸು ಅದರ ಮುಂದನ ಹಾದು ಬರತದ" ಎಂದರು. ಪ್ರತಿಸಲವೂ ಕಸ್ತೂರಿಯವರ ಪರವಾಗಿ ಒಂದು ಹೊಸ ಪ್ರಶ್ನೆ. ಮೊದಲೇ ಕಾಯಿಲೆ ಇದ್ದರೆ ವಿಮೆ ಕೊಡುವುದಿಲ್ಲವೇ? ಕೊಡಲೇಬೇಕು ಎಂದೆ. ಮಗಳಿಗೆ ಗೊತ್ತಾಗದೆ ಮಾಡಿಸಬಹುದೇ? ಮಾಡಿಸಬಹುದು, ಆದರೆ ಯಾಕೆ ಎಂದೆ.

ಅವರು ಮೇಜಿನ ಮೇಲೆ ಬಾಗಿದರು. "ಆಕಿಗೆ ಅದು ನಿಂತು ಹತ್ತು ವರ್ಷ ಆಗಿತ್ರಿ. ಈಗ ಬ್ಯಾಸಗಿಯಿಂದ ಮತ್ತ ಸುರು ಆಗೇದ."

ಸರಿಯಾಗಿ ಅದೇ ಹೊತ್ತಿಗೆ ಪಕ್ಕದ ಕೋಣೆಯ ಡ್ರಿಲ್ ನಿಂತು, ಕೊನೆಯ ಮಾತು ಕಾರಿಡಾರಿನ ತುಂಬ ಕೇಳಿಸಿತು. ಕನ್ನಡ ಬಲ್ಲವರು ಅಲ್ಲಿ ನಾವಿಬ್ಬರೇ ಇದ್ದೆವು. ಆದರೂ ಟೀಚರ್ ಕಿವಿಯವರೆಗೂ ಕೆಂಪಾದರು.

ನಾನು ಡಾಕ್ಟರಲ್ಲ. ಆದರೆ ಹೆಂಗಸು. ಮುಟ್ಟು ನಿಂತು ಅಷ್ಟು ವರ್ಷವಾದ ಮೇಲೆ ಬರುವ ರಕ್ತ ಜನವರಿಯವರೆಗೆ ಕಾಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ನಮ್ಮ ಚಿಕಿತ್ಸಾಲಯದಲ್ಲಿ ವಿಮೆ ಇಲ್ಲದವರನ್ನೂ ಅವರ ವರಮಾನಕ್ಕೆ ತಕ್ಕ ಶುಲ್ಕದಲ್ಲಿ ನೋಡುತ್ತಿದ್ದರು. ಡೋರೀನ್ ಹತ್ತಿರ ಓಡಿದೆ.

"ಇವತ್ತೇ ಒಬ್ಬ ರೋಗಿಯನ್ನು ಲೇಡಿ ಡಾಕ್ಟರಿಗೆ ತೋರಿಸಬೇಕು."

"ರೋಗಿ ಎಲ್ಲಿದ್ದಾಳೆ?"

"ನನ್ನ ಮೇಜಿನ ಮುಂದೆ ಕೂತಿದ್ದಾಳೆ. ಆದರೆ ಬಂದಿಲ್ಲ."

ಡೋರೀನ್ ಕ್ಯಾರೆಟ್ ಕೆಳಗಿಟ್ಟಳು. "ಶಾಹೀನಾ, ಬಾರದೆ ಇರುವವಳನ್ನು ಡಾಕ್ಟರ್ ಯಾವ ಮಂಚದ ಮೇಲೆ ಮಲಗಿಸಬೇಕು?" ಎಂದು ಕೇಳಿದಳು. ನನ್ನ ಮುಖ ನೋಡಿ, "ಮೂರೂವರೆಗೆ ಒಬ್ಬರು ಬರುವುದಿಲ್ಲ ಎಂದಿದ್ದಾರೆ. ಆ ಹೊತ್ತಿಗೆ ಯಾರಾದರೂ ಒಬ್ಬರನ್ನು ಹಾಜರು ಮಾಡು" ಎಂದಳು.

ವಾಪಸು ಬಂದು ಕೂತೆ. "ಟೀಚರ್, ಕಸ್ತೂರಿಯವರು ಬರೋ ಹಾಗೆ ಕಾಣೋದಿಲ್ಲ. ಅವರ ಬದಲಿಗೆ ನೀವೇ ತೋರಿಸಿಕೊಂಡುಬಿಡಿ."

ಅವರು ನನ್ನನ್ನು ತುಂಬ ಹೊತ್ತು ನೋಡಿದರು. ತಪ್ಪು ಉತ್ತರ ಬರೆದು ಸರಿ ಅಂಕ ಕೇಳುವ ಹುಡುಗಿಯರನ್ನು ಹೀಗೇ ನೋಡುತ್ತಿದ್ದರೇನೋ.

"ನಡೀತದೇನ್ರಿ ಹಂಗ?"

"ಇಲ್ಲಿ ನಡೆಯುತ್ತೆ."

"ಹಂಗಾದ್ರ ಆಕಿ ಸಲುವಾಗಿ ಮಾಡಿಸ್ಕೋತೀನಿ," ಎಂದು ಎದ್ದರು. ಎದ್ದವರು ಜಾಕೆಟ್ಟಿನ ಜಿಪ್ಪನ್ನು ಗಂಟಲಿನವರೆಗೂ ಎಳೆದುಕೊಂಡರು.

ಡಾಕ್ಟರ್ ನೋಡಿದರು, ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಡಾಕ್ಟರ ಜೊತೆ ದುಭಾಷಿಯಾಗಿ ನಾನೂ ಕೂತೆ. ಕ್ಯಾನ್ಸರ್. ಮೊದಲ ಹಂತದ್ದು ಇರಬೇಕು, ಗರ್ಭಕೋಶ ತೆಗೆದರೆ ಗುಣವಾಗುವ ಸಾಧ್ಯತೆ ಹೆಚ್ಚು, ಕೆಲವು ವಾರ ಕಾಯಬಹುದು, ಆದರೆ ತಿಂಗಳುಗಟ್ಟಲೆ ಎಳೆಯಬಾರದು. ನಾನು ಇದನ್ನೆಲ್ಲ ಕನ್ನಡಕ್ಕೆ ತರುವಾಗ ಟೀಚರ್ ಒಂದೆರಡು ಕಡೆ ನನ್ನ ವ್ಯಾಕರಣ ತಿದ್ದಿದರು.

ಹೊರಗೆ ಬಂದ ಮೇಲೆ ನನ್ನ ಮೇಜಿನ ಹತ್ತಿರ ಧೊಪ್ಪೆಂದು ಕೂತರು. "ನನ್ನ ಮಗಳಿಗೆ ನೀವ ಹೇಳ್ರಿ."

"ನಾನು ಹೇಳೋ ಹಾಗಿಲ್ಲ. ರೋಗಿಯ ವಿಷಯ ಹೊರಗೆ ಬಿಟ್ಟರೆ ನನ್ನ ಕೆಲಸ ಹೋಗುತ್ತೆ."

"ನಿಮ್ಮ ಕೆಲಸ ದೊಡ್ಡದೇನ್ರಿ, ನನ್ನ ಜೀವ..." ಎಂದವರು ಅಲ್ಲಿಗೇ ನಿಂತರು. ‘ನನ್ನ ಜೀವ’ ಎಂಬ ಮಾತು ಮೊದಲ ಸಲ ಅವರ ಬಾಯಿಂದ ಬಂದಿತ್ತು. ನಾನು ಕೇಳಿಸದವಳಂತೆ ಕಂಪ್ಯೂಟರ್ ನೋಡಿದೆ. ಪರದೆಯಲ್ಲಿ ಏನೂ ಇರಲಿಲ್ಲ. ನನ್ನ ಕಣ್ಣಿಗೂ ಏನೂ ಕಾಣುತ್ತಿರಲಿಲ್ಲ.

ಎರಡು ದಿನ ಬಿಟ್ಟು ಮಗಳನ್ನೂ ಅಳಿಯನನ್ನೂ ಕರೆದುಕೊಂಡು ಬಂದರು. ಲೈಬ್ರರಿ ತೋರಿಸ್ತೀನಿ ಬರ್ರಿ ಎಂದು ಕರೆತಂದಿದ್ದರಂತೆ. ವಿದ್ಯಾ ಇಸ್ಸಾಕ್ವಾದ ಕಚೇರಿಯಿಂದ ನೇರ ಬಂದಿದ್ದಳು, ಕೊರಳಲ್ಲಿ ಗುರುತಿನ ಚೀಟಿ ಹಾಗೇ ಇತ್ತು. ಅಳಿಯ ಗಿರೀಶ್ ಬೆಂಗಳೂರಿನ ಹುಡುಗ. ಕೂರಲು ಹೇಳಿದರೂ ಕೂರದೆ ಗೋಡೆಗೊರಗಿ ನಿಂತ. ಟೀಚರ್ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ತರಗತಿಗೆ ಹೇಳುವಂತೆ ಹೇಳಿದರು:

"ವಿದ್ಯಾ, ಕಸ್ತೂರಿಗೆ ಕ್ಯಾನ್ಸರ್ ಆಗೇದ."

"ಯಾವ ಕಸ್ತೂರಿ?"

"ನಮ್ಮ ಸಾಲಿ ಕಸ್ತೂರಿ."

"ಅವ್ವಾ, ಕಸ್ತೂರಿ ಟೀಚರ್ ತೀರಿಕೊಂಡು ಎಷ್ಟೋ ವರ್ಷ ಆತಲ್ಲ. ನೀನ ಫೋನಿನಾಗ ಅತ್ತಿದ್ದಿ."

ಅಷ್ಟು ವಾರ ನಾನು ಕಸ್ತೂರಿ ಎಂಬುವರು ಇಲ್ಲವೇ ಇಲ್ಲ ಎಂದುಕೊಂಡಿದ್ದೆ.

"ಹೌದು," ಎಂದರು ಟೀಚರ್. "ಸ್ಟಾಫ್ ರೂಮಿನಾಗ ದಿನಾ ನನ್ನ ಬಾಜೂಕ ಕೂಡ್ತಿದ್ಲು. ನನ್ನ ಡಬ್ಬಿಯೊಳಗಿನ ಪಲ್ಯಾ ತಿಂತಿದ್ಲು. ಆಕಿಗೂ ಹಿಂಗ ಆಗಿತ್ತು. ಯಾರಿಗೂ ಹೇಳ್ಲಿಲ್ಲ, ನನಗೂ ಹೇಳ್ಲಿಲ್ಲ. ಎಷ್ಟು ಬೈದೀನಿ ಆಕಿಗೆ ಸತ್ತ ಮ್ಯಾಲೆ! ಈಗ ನನಗೂ ಬಾಯಿ ಬರವಲ್ದು ನೋಡು."

ವಿದ್ಯಾಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಕುರ್ಚಿಯಿಂದ ಜಾರಿ ತಾಯಿಯ ಮಂಡಿಯ ಹತ್ತಿರ ಕೂತಳು. ಶೌಚಾಲಯದಿಂದ ಯಾರೋ ಹಾಡಿಕೊಳ್ಳುತ್ತ ಹೊರಗೆ ಬಂದು, ನಮ್ಮನ್ನು ನೋಡಿ, ಹಾಡು ನಿಲ್ಲಿಸಿ ಹೋದ.

ಗೋಡೆಯ ಹತ್ತಿರದಿಂದ ಗಿರೀಶ್ ಹೇಳಿದ: "ನನಗೆ ಗೊತ್ತಿತ್ತು ಅತ್ತೆ."

ಮೂವರೂ ಅವನ ಕಡೆ ತಿರುಗಿದೆವು.

"ಮನೇಲಿ ಬಟ್ಟೆ ಒಗೆಯೋದು ನಾನು ತಾನೇ. ಎರಡು ತಿಂಗಳಿಂದ ನೋಡ್ತಾ ಇದೀನಿ."

"ನೀವ್ಯಾಕ ನೋಡಿದ್ರಿ?" ಎಂದು ಟೀಚರ್ ಗದರಿದರು.

"ಕಣ್ಣು ಮುಚ್ಕೊಂಡು ಮಷೀನಿಗೆ ಹಾಕಕ್ಕಾಗಲ್ಲ ಅತ್ತೆ." ಅವನು ಗೋಡೆ ಬಿಟ್ಟು ನೆಟ್ಟಗೆ ನಿಂತ. "ನಿಮ್ಮನ್ನ ಹೆಂಗೆ ಕೇಳೋದು ಅಂತ ಗೊತ್ತಾಗಲಿಲ್ಲ. ವಿದ್ಯಾಗೆ ಹೇಳಿದ್ರೆ ನೀವು ಮುಜುಗರ ಪಟ್ಕೋತೀರಾ ಅಂತ ಸುಮ್ನಾದೆ. ಇನ್ಶೂರೆನ್ಸ್ ಹುಡುಕ್ದೆ. ಆನ್‌ಲೈನಲ್ಲಿ ಒಂದು ಪಾಲಿಸಿ ತಗೊಂಡೂ ಇದೀನಿ."

ಫೋನಿನಲ್ಲಿ ಆ ಪಾಲಿಸಿ ತೋರಿಸಿದ. ಪ್ರವಾಸಿಗರಿಗೆ ಮಾರುವ ವಿಮೆ. ಕಾಲು ಉಳುಕಿದರೆ ಕೊಡುತ್ತಾರೆ. ಮೊದಲೇ ಇದ್ದ ಕಾಯಿಲೆ ಯಾವುದಕ್ಕೂ ಕೊಡುವುದಿಲ್ಲ. "ಇದನ್ನು ಇಟ್ಕೊಂಡು ನೀವು ಟೀಚರನ್ನ ಸ್ಕೀಯಿಂಗಿಗೆ ಕರ್ಕೊಂಡು ಹೋಗಬಹುದು" ಎಂದೆ. ಟೀಚರ್ ಮೊದಲು ನಕ್ಕರು. ವಿದ್ಯಾ ಅಳುತ್ತಲೇ ನಕ್ಕಳು. ಗಿರೀಶ್ ಕೊನೆಗೂ ಕುರ್ಚಿಯಲ್ಲಿ ಕೂತ.

ಅವನ ಭಯ ಬೇರೆಯೇ ಇತ್ತು. ತಾಯಿಯನ್ನು ಕರೆಸಿಕೊಳ್ಳುವಾಗ ವಿದ್ಯಾ ಅವರ ಹೊಣೆ ತನ್ನದು ಎಂದು ಸಹಿ ಹಾಕಿದ್ದಳು. ಈಗ ಸರ್ಕಾರದ ಸಹಾಯ ತೆಗೆದುಕೊಂಡರೆ ಅವಳ ಮೇಲೆ ಕೇಸು ಹಾಕುತ್ತಾರೆ, ಅತ್ತೆಗೆ ಮುಂದೆ ಪೌರತ್ವ ಸಿಗುವುದಿಲ್ಲ ಎಂದು ವಾಟ್ಸ್ಯಾಪ್ ಗುಂಪಿನಲ್ಲಿ ಓದಿದ್ದ. ವಿಮೆಯ ಕಂತಿಗೆ ಸಿಗುವ ತೆರಿಗೆ ರಿಯಾಯಿತಿಗೂ ಆ ಸಹಿಗೂ ಸಂಬಂಧವಿಲ್ಲ ಎಂದು ನಿಯಮ ತೆಗೆದು ತೋರಿಸಿದೆ. ನಂಬಿಕೆ ಬರಲಿಲ್ಲ. ವಕೀಲರಂತೆ ಭರವಸೆ ಕೊಡಬಾರದಾದ್ದರಿಂದ ಉಚಿತವಾಗಿ ಸಲಹೆ ಕೊಡುವ ನಿಜವಾದ ವಕೀಲರ ನಂಬರ್ ಕೊಟ್ಟೆ. ಅವರೂ ಅದನ್ನೇ ಹೇಳಿದರು. ಆಗ ನಂಬಿದ.

ಇನ್ನು ಅರ್ಜಿ. ಇದರ ವಿಚಿತ್ರವೇನೆಂದರೆ, ಟೀಚರ್ ಅವರಷ್ಟು ಕಡಿಮೆ ವರಮಾನ ಇರುವವರ ಅರ್ಜಿ ಮೊದಲು ಉಚಿತ ವಿಮೆಗೆ ಹೋಗುತ್ತದೆ. ಐದು ವರ್ಷ ಆಗಿಲ್ಲ ಎಂದು ಅಲ್ಲಿ ತಿರಸ್ಕಾರವಾದ ಮೇಲೆಯೇ ಸಹಾಯಧನದ ಬಾಗಿಲು ತೆರೆಯುತ್ತದೆ.

"ನಪಾಸಾದ್ರ ಮ್ಯಾಲಿನ ಕ್ಲಾಸಿಗೆ ಹಾಕ್ತಾರೇನ್ರಿ?" ಎಂದರು ಟೀಚರ್. "ಇದೆಂಥಾ ಸಾಲಿ!"

ನಪಾಸಾಗುವುದೂ ಸುಲಭವಾಗಲಿಲ್ಲ. ವೆಬ್‌ಸೈಟಿಗೆ ಅವರು ಯಾರೆಂದೇ ತಿಳಿಯಲಿಲ್ಲ. ಗುರುತು ಸಾಬೀತಿಗೆ ಅದು ಕೇಳುವುದೆಲ್ಲ ಹಳೆಯ ಕಾರ್ ಸಾಲ, ಈ ದೇಶದಲ್ಲಿ ಹಿಂದಿದ್ದ ಬೀದಿಯ ಹೆಸರು. ಟೀಚರ್ "ಹುಬ್ಬಳ್ಳಿ ದೇಶಪಾಂಡೆ ನಗರ ಅಂತ ಒತ್ರಿ" ಎನ್ನುತ್ತಿದ್ದರು, ಪರದೆ ಕೆಂಪಗಾಗುತ್ತಿತ್ತು. ಮತ್ತೆ ಡೋರೀನ್ ಹತ್ತಿರ ಹೋದೆ. ಅವಳು ರಾಜ್ಯದ ಕಚೇರಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಕಾಯುವವರಿಗೆಂದು ನುಡಿಸುವ ಸಂಗೀತಕ್ಕೆ ಸರಿಯಾಗಿ ಕ್ಯಾರೆಟ್ ಕಡಿಯುತ್ತ ಮಧ್ಯಾಹ್ನವಿಡೀ ಕೂತಳು. ಯಾರೋ ಫೋನ್ ಎತ್ತಿದ ಕೂಡಲೇ, "ನನ್ನ ಎದುರಿಗೆ ಒಬ್ಬ ಗಣಿತದ ಮೇಷ್ಟ್ರಮ್ಮ ಕೂತಿದ್ದಾಳೆ. ಅವಳು ಇದ್ದಾಳೆ ಎಂದು ನಾನು ಸಾಕ್ಷಿ ಹೇಳುತ್ತೇನೆ. ನಿಮ್ಮ ಯಂತ್ರಕ್ಕೆ ಸಂಶಯವಿದ್ದರೆ ಯಂತ್ರವನ್ನೇ ಇಲ್ಲಿಗೆ ಕಳಿಸಿ" ಎಂದಳು. ಅವಳ ಎರಡು ಸೂತ್ರಗಳಲ್ಲಿ ಯಾವುದಕ್ಕೂ ಈ ಮಾತು ಸೇರುವುದಿಲ್ಲ.

ಜನವರಿಯಲ್ಲಿ ವಿಮೆ ಬಂತು. ಅದೇ ತಿಂಗಳು ಶಸ್ತ್ರಚಿಕಿತ್ಸೆಯಾಯಿತು. ಕಾಯಿಲೆ ಹರಡಿರಲಿಲ್ಲ. ನಾನು ನೋಡಲು ಹೋದಾಗ ಟೀಚರ್ ಹಾಸಿಗೆಯಲ್ಲಿ ಎದ್ದು ಕೂತು, ನೋವು ಒಂದರಿಂದ ಹತ್ತರೊಳಗೆ ಎಷ್ಟು ಎಂದು ಕೇಳಿದ ನರ್ಸಿಗೆ ದಶಾಂಶದಲ್ಲಿ ಉತ್ತರ ಕೊಡುತ್ತಿದ್ದರು. ಗಿರೀಶ್ ಮೂಲೆಯಲ್ಲಿ ಅವರ ಬಟ್ಟೆ ಮಡಿಸುತ್ತಿದ್ದ. ಅವರು ಅವನನ್ನು ಗದರಲಿಲ್ಲ. ಅಂಚು ಸರಿಯಾಗಿ ಕೂಡಿಸಿ ಎಂದರು, ಅಷ್ಟೇ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ನಮ್ಮ ಇಲಾಖೆಯಲ್ಲಿ ಕಥೆಗಳನ್ನು ಮುಗಿಸುವವರು ರಾಜಧಾನಿಯಲ್ಲಿರುತ್ತಾರೆ. ಎರಡು ವರ್ಷವಾದ ಮೇಲೆ ಕಾನೂನು ಬದಲಾಯಿತು. ಐದು ವರ್ಷ ತುಂಬದ, ವರಮಾನ ತೀರ ಕಡಿಮೆ ಇರುವ ಗ್ರೀನ್ ಕಾರ್ಡಿನವರಿಗೆ ಕಂತಿನ ಸಹಾಯ ಹೊಸ ವರ್ಷದಿಂದ ನಿಂತಿತು. ಇನ್ನೂ ಸ್ವಲ್ಪ ಶ್ರೀಮಂತರಾಗಿದ್ದರೆ ಸಹಾಯ ಸಿಗುತ್ತಿತ್ತು. ಇದನ್ನು ಗಣಿತದ ಟೀಚರಿಗೆ ವಿವರಿಸುವ ಭಾಗ್ಯ ನನ್ನ ಕೆಲಸದ ಕೊನೆಯ ವಾರದಲ್ಲಿ ನನಗೆ ಬಂತು.

ಅವರು ಪೂರ್ತಿ ಕೇಳಿದರು. "ಅಂದ್ರ ಬಡವರಿದ್ರ ಪೂರಾ ರೊಕ್ಕ ಕೊಡಬೇಕು."

"ಹೌದು ಟೀಚರ್."

"ಈ ಲೆಕ್ಕ ಮಾಡಿದಾಂವ ಯಾವ ಸಾಲಿಯಾಗ ಕಲ್ತಾನ?"

"ಗೊತ್ತಿಲ್ಲ."

"ಹೆಡ್‌ಮಾಸ್ತರು ಸುಮ್ನ ಹೆಂಗ ಬಿಟ್ರು ಅವನ್ನ?"

ವಿದ್ಯಾ ಮತ್ತು ಗಿರೀಶ್ ಪೂರ್ತಿ ಕಂತನ್ನು ತಾವೇ ಕಟ್ಟುವುದೆಂದು ಮನೆಯಲ್ಲಿ ಆಗಲೇ ತೀರ್ಮಾನಿಸಿದ್ದರು. ತಪಾಸಣೆ ತಪ್ಪಿಸುವಂತಿರಲಿಲ್ಲ. ಐದು ವರ್ಷ ತುಂಬುವ ಹೊತ್ತಿಗೆ ಟೀಚರಿಗೆ ಅರವತ್ತೈದು ದಾಟಿರುತ್ತದೆ. ಆಗ ಹಿರಿಯರ ವಿಮೆಯನ್ನು ಕೊಳ್ಳಬಹುದು. ಅಲ್ಲಿಯವರೆಗೆ ಇನ್ನೆರಡು ವರ್ಷ. ಅಷ್ಟರಲ್ಲಿ ಇದೂ ಬದಲಾಗುವುದಿಲ್ಲ ಎಂದು ನಾನು ಹೇಳಲಾರೆ ಎಂದೆ.

ಟೀಚರ್ ಎದ್ದು ಜಾಕೆಟ್ ಹಾಕಿಕೊಂಡರು. ಅವರದೇ ಜಾಕೆಟ್, ಅಳತೆಗೆ ಸರಿಯಾಗಿತ್ತು.

"ಆಗಲಿ. ಇನ್ನೆರಡು ವರ್ಷ ಗಂಗಾ ಸಾಯೂದಿಲ್ಲ ಅಂತ ಬರಕೊಳ್ರಿ," ಎಂದರು.

ನಾನು ನಕ್ಕೆ. ಅವರು ನಗಲಿಲ್ಲ.

"ಖರೇನ ಹೇಳ್ಲಿಕ್ಕತ್ತೀನಿ. ಬರಕೊಳ್ರಿ."

ಪರದೆಯ ಮೇಲೆ ಅದಕ್ಕೆಂದು ಜಾಗ ಇರಲಿಲ್ಲ. 'ಇತರೆ ಮಾಹಿತಿ' ಎಂದು ಕೆಳಗೊಂದು ಚೌಕ ಸಿಕ್ಕಿತು. ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದು, ಅವರಿಗೆ ಓದಿ ಹೇಳಿ, ಗುಂಡಿ ಒತ್ತಿದೆ. ವೆಬ್‌ಸೈಟು ಒಂದು ಪುರಾವೆಯನ್ನೂ ಕೇಳದೆ ಸ್ವೀಕರಿಸಿತು.